ಬೆಕ್ಕುಗಳ ಹಿಂದಿನ ಮಸುಕು

ಜುಲೈ 3, ಬೆಳಿಗ್ಗೆ

ಮೀನಿನ ತಲೆಗಳು ಬೆಂದವು. ಅನ್ನ ಮುದ್ದೆಯಾಯಿತು. ಪರವಾಗಿಲ್ಲ, ತಿನ್ನುವವರು ದೂರು ಹೇಳುವ ಜಾತಿಯಲ್ಲ. ಹಾಳು ಮನೆಯ ಮುಂದಿನ ಕಟ್ಟೆಗೆ ಹೊತ್ತೊಯ್ದು, ಅಕ್ಕನ ಹಲ್ವಾ ಡಬ್ಬವನ್ನು ಮರದ ಸೌಟಿನಿಂದ ಬಡಿದೆ. ಒಂದು ಕಡೆ ನೆಗ್ಗಿರುವುದರಿಂದ ಅದರ ಸದ್ದು ನೆಟ್ಟಗಿಲ್ಲ. ಟಪ್-ಟಣ್, ಟಪ್-ಟಣ್. ಗೋಡೆ ಮೇಲಿಂದ, ಅಂಜೂರದ ಮರದಿಂದ, ವಿತ್ತೋರಿಯಾಳ ಕಾಫಿ ಅಂಗಡಿಯ ಕುರ್ಚಿಗಳ ಕೆಳಗಿಂದ ಎಲ್ಲರೂ ಹಾಜರು.

ಬಿಷಪ್ಪನದು ಇವತ್ತು ಒಳ್ಳೆಯ ಫೋಟೋ ಬಂತು. ಕರಿ ಮೈ, ಕತ್ತಿನ ಕೆಳಗೆ ಬಿಳಿ ಪಟ್ಟಿ, ಎಲ್ಲರಿಗೂ ಆಶೀರ್ವಾದ ಮಾಡುವವನ ಹಾಗೆ ಪಂಜ ಎತ್ತಿದ್ದ. ನಮ್ಮ ಪಾದ್ರಿಗೆ ಈ ಹೆಸರು ಗೊತ್ತು. ಬೇಜಾರಿಲ್ಲ. ನಿಜವಾದ ಬಿಷಪ್ಪರಿಗಿಂತ ಇವನೇ ಊರಿಗೆ ಹೆಚ್ಚು ಸಲ ಬರುತ್ತಾನಂತೆ.

ಮೂವತ್ತು ವರ್ಷ ಮದುವೆ, ನಾಮಕರಣಗಳ ಫೋಟೋ ತೆಗೆದವಳು ನಾನು. ಈಗ ಮದುವೆಗಳೆಲ್ಲ ಬಂದರಿನ ಕಡೆ ನಡೆಯುತ್ತವೆ. ತಲೆ ಮೇಲೆ ಹಾರುವ ಕ್ಯಾಮೆರಾ ಬೇಕು ಅವರಿಗೆ. ಹೋಗಲಿ. ಮದುಮಗಳಿಗಿಂತ ಬೆಕ್ಕು ವಾಸಿ. ಹೊಟ್ಟೆ ಒಳಗೆಳೆದುಕೊಳ್ಳಮ್ಮ ಎಂದು ಹೇಳಬೇಕಾಗಿಲ್ಲ.

ಸಂಜೆ ಕಟ್ಟೆ ತೊಳೆಯಲು ಹೋದೆ. ತೊಳೆಯಲು ಏನೂ ಇರಲಿಲ್ಲ. ಒಂದು ಅಗುಳೂ ಇಲ್ಲ. ಇರುವೆಗಳಿರಬೇಕು.

ಜುಲೈ 5

ವಿತ್ತೋರಿಯಾಗೆ ಮುಂದಿನ ವರ್ಷದ ಕ್ಯಾಲೆಂಡರ್ ಚಿಂತೆ. ಪ್ರವಾಸಿಗರು ಕೇಳುತ್ತಾರಂತೆ.

"ಮೇಲ್ಗಡೆ ಕನೇಲಾನೇ ಹಾಕು ಕಣೇ. ದಾಲ್ಚಿನ್ನಿ ಬಣ್ಣ ಎಷ್ಟ್ ಚೆನ್ನಾಗ್ ಕಾಣತ್ತೆ! ಹಿಂದ್ಗಡೆ ಒಂದು ನೀಲಿ ಬಾಗಿಲು ಬರ್ಲಿ."

"ನಮ್ಮೂರಲ್ಲಿ ನೀಲಿ ಬಾಗಿಲು ಎಲ್ಲಿದ್ಯೇ? ಎಲ್ಲಾ ಹಸಿರು."

"ಬಳಿಯೋದಪ್ಪ. ಬೇಕಾದ್ರೆ ನನ್ ಬಾಗ್ಲಿಗೇ ಬಳಿ. ದ್ವೀಪ ಅಂದ್ಮೇಲೆ ನೀಲಿ ಇರ್ಬೇಕು ಅಂತ ಅವರಿಗೆ ಯಾರೋ ಹೇಳ್ಬಿಟ್ಟಿದಾರೆ."

ಕನೇಲಾ ಬಸುರಿ. ಹೊಟ್ಟೆ ಈಗಷ್ಟೇ ಕಾಣತೊಡಗಿದೆ. ತಿಂದವಳೇ ಎತ್ತಲೋ ಹೊರಟುಬಿಡುತ್ತಾಳೆ. ಎಲ್ಲಿಗೆ? ಕುತೂಹಲ ತಡೆಯದೆ ಹಿಂದೆ ಹೋದೆ. ಕಣಿವೆಗೆ ಇಳಿಯುವ ಕಲ್ಲುಗೋಡೆಯವರೆಗೆ ಕಂಡಳು. ಆಮೇಲೆ ಒಣಹುಲ್ಲಿನ ಬಣ್ಣವೂ ಅವಳ ಬಣ್ಣವೂ ಒಂದೇ. ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ ನಿಂತದ್ದೇ ಬಂತು.

ಜುಲೈ 11

ರೋಕೋಸ್ ಭಾವ ಬಂದಿದ್ದರು. ಬಾಗಿಲು ತಟ್ಟಲಿಲ್ಲ. ಅಂಗಳದ ಮೇಜಿನ ಮೇಲೆ ಮುಷ್ಟಿ ಬಿಚ್ಚಿದರು. ಗರಿಗಳು. ಬೂದು, ಬಿಳಿ.

"ನೋಡು. ನಿನ್ ಮುದ್ದಿನ ಮಕ್ಕಳ ಊಟ."

ಅವರ ಪಾರಿವಾಳದ ಮನೆಯಲ್ಲಿ ಹಕ್ಕಿಗಳು ದಿನೇ ದಿನೇ ಕಡಿಮೆಯಾಗುತ್ತಿವೆಯಂತೆ. ಗೂಡುಗಳು ಬಣಬಣ. ಅವರ ಮುತ್ತಜ್ಜ ಕಟ್ಟಿಸಿದ್ದು ಅದು. ಮೇಲೆ ಹಕ್ಕಿಗಳಿಗೆ ಸ್ಲೇಟು ಕಲ್ಲಿನ ಜಾಲರಿ, ಕೆಳಗೆ ಗುದ್ದಲಿ-ಬುಟ್ಟಿ ಇಡುವ ಕೋಣೆ. ಅದು ಖಾಲಿಯಾದ ದಿನ ಮನೆತನವೇ ಮುಗಿಯಿತು ಎನ್ನುವವರು ಅವರು. ಮಕ್ಕಳಿಲ್ಲ, ಅಕ್ಕ ಇಲ್ಲ. ಉಳಿದದ್ದು ಆ ಹಕ್ಕಿಗಳೇ.

"ಬೆಕ್ಕು ಹಿಡೀತಿರೋದನ್ನ ನೀವು ಕಣ್ಣಾರೆ ಕಂಡ್ರಾ ಭಾವ?"

"ಆ ಕೆಂಪು ಬೆಕ್ಕು ದಿನಾ ಅಲ್ಲೇ ಸುತ್ತತ್ತೆ. ಕಣ್ ಮುಚ್ಕೊಂಡ್ ಹಾಲು ಕುಡಿದ್ರೆ ಲೋಕಕ್ಕೆ ಕಾಣಲ್ವಾ?"

"ಇದು ಗರಿ ಉದುರೋ ಕಾಲ."

"ನಂಗೆ ಪಾರಿವಾಳ ಕಲಿಸ್ಬೇಡ ನಿಕೊಲೆಟಾ. ಆಗಸ್ಟ್ ಹದಿನೈದಕ್ಕೆ ಮಾತೆಯ ಹಬ್ಬ, ಅಷ್ಟರೊಳಗೆ ನೀನೇ ಅವನ್ನ ದೂರ ಮಾಡು. ಇಲ್ದಿದ್ರೆ ಮಾಂಸದ ಉಂಡೆ ಇಡ್ತೀನಿ. ಆಮೇಲೆ ಅತ್ರೆ ಕೇಳಲ್ಲ."

ಮಾಂಸದ ಉಂಡೆ ಎಂದರೆ ಏನೆಂದು ಈ ದ್ವೀಪದಲ್ಲಿ ಕೂಸಿಗೂ ಗೊತ್ತು. ಒಳಗೆ ವಿಷದ ನೀಲಿ ಪುಡಿ. ಎರಡು ವರ್ಷದ ಹಿಂದೆ ಕೆಳಗಿನ ಊರಿನಲ್ಲಿ ಒಂದೇ ಬೆಳಿಗ್ಗೆ ಓಣಿ ತುಂಬ ಬೆಕ್ಕುಗಳು ಸತ್ತು ಬಿದ್ದಿದ್ದವು. ಆ ಓಣಿಯ ಫೋಟೋ ನಾನು ತೆಗೆಯಲಿಲ್ಲ. ಕೈ ಏಳಲಿಲ್ಲ.

ಜುಲೈ 12

ಕೋಪ ಇನ್ನೂ ಇಳಿದಿಲ್ಲ. ಆದರೂ ಬರೆಯುತ್ತೇನೆ: ಆ ಮನುಷ್ಯ ಮೊದಲು ಹೀಗಿರಲಿಲ್ಲ. ಅಕ್ಕನನ್ನು ಮಣ್ಣು ಮಾಡಿ ಬಂದ ದಿನ, ಫೆಬ್ರವರಿಯ ಆ ಚಳಿಯಲ್ಲಿ, ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ್ದರು, "ಅವಳದ್ದು ಏನ್ ಬೇಕೋ ತಗೊಂಡ್ ಹೋಗು. ನಂಗೆ ಯಾವ್ದೂ ಕಣ್ಣಿಗೆ ಬೀಳ್ಬಾರ್ದು." ನಾನು ಅವಳ ಸ್ವೆಟರ್, ಸೋಂಪಿನ ಬೀಜದ ಭರಣಿ, ಈ ಡಬ್ಬ ತಂದೆ. ಡಬ್ಬ ಯಾಕೆ ತಂದೆನೋ, ಕೈಗೆ ಸಿಕ್ಕಿತು.

ಅಕ್ಕ ಅಂತೋನಿಯಾ ಇದ್ದಿದ್ದರೆ ಇಬ್ಬರಿಗೂ ಒಂದೊಂದು ಬೈಗುಳ ಬೈದು ಕಾಫಿ ಕೊಟ್ಟು ಮುಗಿಸುತ್ತಿದ್ದಳು. ಅವಳಿಲ್ಲದೆ ಜಗಳ ಆಡುವುದೂ ಬರುವುದಿಲ್ಲ ನಮಗೆ.

ಜುಲೈ 19, ಮಧ್ಯಾಹ್ನ

ಸಾಕ್ಷಿ ಬೇಕಲ್ಲವೇ? ನಸುಕಿಗೇ ಕಣಿವೆಗೆ ಇಳಿದೆ. ಪಾರಿವಾಳದ ಮನೆಯ ಎದುರು ಆಲಿವ್ ಮರದ ಕೆಳಗೆ ಕ್ಯಾಮೆರಾ ಹಿಡಿದು ಕೂತೆ. ಕಾಯುವುದು ನನಗೆ ಹೊಸದಲ್ಲ. ಮದುಮಗಳು ಸಿಂಗಾರ ಮುಗಿಸುವವರೆಗೆ ಕಾದವಳಿಗೆ ಬೆಕ್ಕು ಯಾವ ಲೆಕ್ಕ.

ಹಕ್ಕಿಗಳು ನಿಜಕ್ಕೂ ಕಡಿಮೆ. ಅಕ್ಕನ ಕಾಲದಲ್ಲಿ ಇಲ್ಲಿ ಬೆಳಿಗ್ಗೆ ಮಾತು ಕೇಳಿಸುತ್ತಿರಲಿಲ್ಲ, ಅಷ್ಟು ಗುಟುರು. ಈಗ ಅಲ್ಲೊಂದು ಇಲ್ಲೊಂದು. ಆದರೆ ಸತ್ತ ಹಕ್ಕಿ ಒಂದೂ ಇಲ್ಲ. ರಕ್ತ ಇಲ್ಲ, ಮೂಳೆ ಇಲ್ಲ. ಬೆಕ್ಕು ಇಷ್ಟು ಚೊಕ್ಕಟವಾಗಿ ಊಟ ಮಾಡುವುದನ್ನು ನಾನು ಕಂಡಿಲ್ಲ. ಹಾವೇ? ಗಿಡುಗವೇ? ಗಿಡುಗವಾದರೆ ಆಕಾಶದಲ್ಲಿ ಕಾಣಬೇಕಿತ್ತು.

ಭಾವನ ಮನೆ ಅಲ್ಲಿಂದ ಕಾಣುತ್ತದೆ, ಊರಂಚಿನಲ್ಲಿ. ಇಷ್ಟು ಸೆಕೆಯಲ್ಲೂ ಕಿಟಕಿಗಳೆಲ್ಲ ಭದ್ರ. ಒಳಗೆ ಒಬ್ಬರೇ ಬೇಯುತ್ತಿದ್ದಾರೆ. ಯಾಕೆ?

ಅದೇ ದಿನ, ಸಂಜೆ

ಮತ್ತೆ ಇಳಿದೆ. ಭಾವ ಬಂದರು. ಅವರು ಮೆಟ್ಟಿಲಿಗೆ ಕಾಲಿಟ್ಟದ್ದೇ ತಡ, ಇದ್ದ ನಾಲ್ಕು ಹಕ್ಕಿಗಳೂ ಭರ್ರೆಂದು ಹಾರಿದವು. ಅದಕ್ಕೆ ಕಾರಣ ಗೊತ್ತು. ಆ ಮನೆಯಲ್ಲಿ ಕಾಳು ಹಾಕುತ್ತಿದ್ದದ್ದು ಅಕ್ಕ. ಸಾರು ಮಾಡಲು ಹಕ್ಕಿ ಹಿಡಿದು ಕತ್ತು ತಿರುಚುತ್ತಿದ್ದದ್ದು ಅವರು. ಎಲ್ಲ ಮನೆಗಳಲ್ಲೂ ಹಾಗೇ. ಕರೆಯುವ ಕೈ ಹೆಂಗಸಿನದು, ಹಿಡಿಯುವ ಕೈ ಗಂಡಸಿನದು. ಹಕ್ಕಿಗಳಿಗೆ ಎರಡೂ ಕೈಗಳ ಗುರುತಿದೆ.

"ಕಾಳು ಹಾಕ್ತಿದೀರಾ ಭಾವ?"

"ಹಾಕ್ದೆ? ಬುಟ್ಟಿ ತುಂಬ ಬಾರ್ಲಿ ಇಟ್ಟಿದೀನಿ ಮೇಲೆ. ಹಾಗೇ ಬಿದ್ದಿದೆ. ತಿನ್ನೋಕೆ ಇದ್ರೆ ತಾನೆ! ಎಲ್ಲಾ ನಿನ್ ಬೆಕ್ಕಿನ ಹೊಟ್ಟೇಲಿವೆ."

ಜುಲೈ 21

ಬೇಸಿಗೆಯ ಮೆಲ್ತೆಮಿ ಗಾಳಿ ಶುರು. ಕಿವಿಯಲ್ಲೂ ಧೂಳು. ಬೆಕ್ಕುಗಳ ಮೀಸೆಯೆಲ್ಲ ಒಂದೇ ಕಡೆಗೆ. ಬಿಷಪ್ಪನ ಮುಖ ಯಾರೋ ಇಸ್ತ್ರಿ ಮಾಡಿದ ಹಾಗಿದೆ. ನಕ್ಕು ನಕ್ಕು ಕ್ಯಾಮೆರಾ ಅಲ್ಲಾಡಿ ಫೋಟೋ ಕೆಟ್ಟಿತು.

ಜುಲೈ 30

ವಿತ್ತೋರಿಯಾ ಗಾಜಿನ ಲೋಟ ಒರೆಸುತ್ತ, ನನ್ನ ಮುಖ ನೋಡದೆ ಹೇಳಿದಳು.

"ರೋಕೋಸ್ ಇವತ್ತು ಕಟುಕನ ಹತ್ರ ಕೊಚ್ಚಿದ ಮಾಂಸ ತಗೊಂಡ್ರಂತೆ. ಒಂಟಿ ಮನುಷ್ಯನಿಗೆ ಅಷ್ಟೊಂದು ಯಾಕೆ ಅಂತ ಅವನೇ ಬಂದು ಕೇಳ್ದ ನನ್ನ."

ಕಾಫಿ ಅಲ್ಲೇ ಬಿಟ್ಟು ಎದ್ದೆ. ಬೆಕ್ಕುಗಳನ್ನು ಎಲ್ಲಿಗೆ ದೂರ ಮಾಡಲಿ? ಅವು ಕುರಿಗಳೇ, ಹೊಡೆದುಕೊಂಡು ಹೋಗಲು? ಬಂದವನ್ನೆಲ್ಲ ಮನೆಯೊಳಗೆ ಕೂಡಿಹಾಕಲು ನೋಡಿದೆ. ಬಿಷಪ್ ಪರದೆ ಹರಿದು ಹೊರಟ. ಕನೇಲಾ ಬಾಗಿಲ ಬಳಿಗೂ ಬರಲಿಲ್ಲ.

ಆಗಸ್ಟ್ 4

ಡಬ್ಬ ಬಡಿದೆ. ಎಲ್ಲರೂ ಬಂದರು. ಕನೇಲಾ ಇಲ್ಲ.

ಆಗಸ್ಟ್ 5

ಇಲ್ಲ.

ಆಗಸ್ಟ್ 6, ಬೆಳಿಗ್ಗೆ

ಅಂಜೂರದ ಬುಡ, ಹಳೆಯ ಒಲೆಮನೆ, ಚರ್ಚಿನ ಹಿಂದಿನ ಕಟ್ಟಿಗೆ ರಾಶಿ... ಎಲ್ಲ ನೋಡಿದೆ. ಹೆಸರು ಹಿಡಿದು ಕೂಗಿದೆ. ಹಡೆಯಲು ಮರೆಗೆ ಹೋಗಿರಬಹುದು ಎಂದು ಒಂದು ಮನಸ್ಸು. ಇನ್ನೊಂದು ಮನಸ್ಸು ಹೇಳುವುದನ್ನು ಬರೆಯಲಾರೆ. ಭಾವನ ಮನೆಗೆ ಹೋಗಿ ಕೊರಳಪಟ್ಟಿ ಹಿಡಿಯೋಣ ಎಂದು ಅರ್ಧ ದಾರಿ ಹೋಗಿ ವಾಪಸ್ ಬಂದೆ. ಕೇಳಿ, ಅವರು ಹೌದು ಎಂದುಬಿಟ್ಟರೆ?

ಅದೇ ದಿನ, ಮಧ್ಯಾಹ್ನ

ಕಂಪ್ಯೂಟರ್ ತೆರೆದು ಕೂತೆ. ಮಾರ್ಚಿನಿಂದ ತೆಗೆದ ಅಷ್ಟೂ ಫೋಟೋ. ಕನೇಲಾ ತಿಂದ ಮೇಲೆ ಯಾವ ಕಡೆ ತಿರುಗಿದ್ದಾಳೆ, ಬಾಲ ಯಾವ ಕಡೆ ಇದೆ, ಅಷ್ಟಾದರೂ ತಿಳಿಯಲಿ ಎಂದು. ಮೂಲೆ ಮೂಲೆ ದೊಡ್ಡದು ಮಾಡಿ ನೋಡಿದೆ.

ನನ್ನ ಫೋಟೋಗಳಲ್ಲಿ ಹಿಂದಿನದೆಲ್ಲ ಮಸುಕು. ಬೇಕೆಂದೇ. ಮದುವೆಗಳಿಂದ ಬಂದ ಅಭ್ಯಾಸ. ಮದುಮಕ್ಕಳ ಹಿಂದೆ ನಿಂತು ನೆಂಟರು ಕಿತ್ತಾಡುವುದು ಆಲ್ಬಮ್ಮಿನಲ್ಲಿ ಕಾಣಬಾರದಲ್ಲ. ಮುಖ ಚೂಪಾಗಿ ಬರಬೇಕು, ಮಿಕ್ಕಿದ್ದು ಮಂಜಾಗಬೇಕು.

ಮಾರ್ಚಿನ ಫೋಟೋ: ಮುಂದೆ ಬಿಷಪ್. ಹಿಂದೆ ಹಾಳು ಮನೆಯ ಗೋಡೆ. ಗೋಡೆ ಮೇಲೆ ಏನಿಲ್ಲ.

ಏಪ್ರಿಲ್: ಗೋಡೆ ಮೇಲೆ ಎರಡು ಬೂದು ಚುಕ್ಕೆ. ಲೆನ್ಸಿನ ಧೂಳು ಎಂದುಕೊಂಡೆ.

ಮೇ: ಧೂಳು ಜಾಸ್ತಿಯಾಗಿದೆ. ಜಾಗ ಬದಲಿಸಿದೆ. ಒಂದಕ್ಕೆ ಕತ್ತು ಬಂದಿದೆ!

ಜೂನ್, ಜುಲೈ: ಗೋಡೆಯ ಉದ್ದಕ್ಕೂ ಸಾಲು. ಹೆಂಚಿಲ್ಲದ ಸೂರಿನ ಮೇಲೆ ಸಾಲು. ಬಿಷಪ್ಪನ ಹಿಂದೆ, ಕನೇಲಾಳ ಹಿಂದೆ, ಎಲ್ಲ ಬೆಕ್ಕುಗಳ ಹಿಂದೆ — ಬೂದು, ಬಿಳಿ, ಬೂದು, ಬಿಳಿ.

ಭಾವನ ಪಾರಿವಾಳಗಳು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ. ಐದು ತಿಂಗಳು ದಿನಾ ನನ್ನ ಕಣ್ಣೆದುರಿಗೇ ಇದ್ದವು. ನಾನೇ ಮಸುಕು ಮಾಡಿದ್ದೆ. ಕಟ್ಟೆಯ ಮೇಲಿನ ಅಗುಳು ಬಳಿದವರು ಯಾರು ಎಂದು ಈಗ ತಿಳಿಯಿತು. ಇರುವೆಯಂತೆ ಇರುವೆ!

ಆದರೆ ಯಾಕೆ? ಅಲ್ಲಿ ಬುಟ್ಟಿ ತುಂಬ ಬಾರ್ಲಿ ಬಿಟ್ಟು, ಬೆಕ್ಕು ತಿಂದುಳಿದ ಮೀನಿನ ಅನ್ನಕ್ಕೆ ಯಾವ ಪಾರಿವಾಳ ಬರುತ್ತದೆ?

ಆಗಸ್ಟ್ 7

ಬೆಳಿಗ್ಗೆ ಅನ್ನ ಇಟ್ಟೆ. ಡಬ್ಬ ಮುಟ್ಟಲಿಲ್ಲ. ಬಾಣಲೆ ಬಡಿದೆ. ಬೆಕ್ಕುಗಳು ಬಂದವು. ಅವಕ್ಕೆ ಏನು ಬಡಿದರೂ ಸರಿ, ಮೂಗಿದೆ. ತಲೆ ಎತ್ತಿ ನೋಡಿದೆ. ಹಾಳು ಮನೆಯ ಗೋಡೆಯ ತೂತುಗಳಲ್ಲಿ ಹಕ್ಕಿಗಳು ಸುಮ್ಮನೆ ಕೂತಿದ್ದವು. ಕೊಡದ ಮುಚ್ಚಳ ಬಡಿದೆ. ಇಲ್ಲ. ಹಾಲಿನ ಪಾತ್ರೆ. ಇಲ್ಲ. ವಿತ್ತೋರಿಯಾ ಅಂಗಡಿ ಬಾಗಿಲಿಗೆ ಬಂದು, "ಯಾರದೇ ಮೆರವಣಿಗೆ?" ಎಂದಳು.

ಆಮೇಲೆ ಅಕ್ಕನ ಹಲ್ವಾ ಡಬ್ಬ. ಟಪ್-ಟಣ್.

ಒಂದೇ ಸಲಕ್ಕೆ ಎದ್ದವು. ಬಿಸಿಲು ಮುಚ್ಚುವಷ್ಟು. ಗೋಡೆ ಮೇಲೆ ಸಾಲಾಗಿ ಇಳಿದು, ಬೆಕ್ಕುಗಳ ಊಟ ಮುಗಿಯಲಿ ಎಂದು ಕತ್ತು ಕೊಂಕಿಸಿ ಕಾದವು.

ಅವು ಅನ್ನಕ್ಕೆ ಬಂದದ್ದಲ್ಲ. ಅಕ್ಕ ದಿನಾ ಬೆಳಿಗ್ಗೆ ಕಣಿವೆಯಲ್ಲಿ ಬಾರ್ಲಿ ಎರಚುತ್ತ ಬಡಿಯುತ್ತಿದ್ದದ್ದು ಈ ಡಬ್ಬವನ್ನೇ. ನನಗೆ ಗೊತ್ತಿತ್ತು. ಅವಳ ಮದುವೆಯಾದಾಗಿನಿಂದ ಕೇಳಿದ ಸದ್ದು. ಗೊತ್ತಿದ್ದೂ ಹೊಳೆಯಲಿಲ್ಲ. ಫೆಬ್ರವರಿಯಲ್ಲಿ ಕಣಿವೆಯಲ್ಲಿ ಸದ್ದು ನಿಂತಿತು. ಮಾರ್ಚಿನಲ್ಲಿ ನಾನು ಇಲ್ಲಿ ಮೇಲೆ ಬಡಿಯತೊಡಗಿದೆ. ಅವು ಅವಳನ್ನು ಹುಡುಕಿಕೊಂಡು ಬಂದವು.

ಕಟ್ಟೆ ಮೇಲೆ ಕೂತು ಅತ್ತೆ. ಬಿಷಪ್ ಮಡಿಲಿಗೆ ಬಂದ. ಮೀನಿನ ವಾಸನೆ ಅವನ ಬಾಯಿ. ತಳ್ಳಲಿಲ್ಲ.

ಆಗಸ್ಟ್ 8

ಭಾವನ ಮನೆಗೆ ಹೋದೆ. ಫೋಟೋಗಳು, ಡಬ್ಬ. ತಪ್ಪು ನನ್ನದೇ ಎಂದು ಹೇಳುವುದಕ್ಕಿಂತ ಹೆಚ್ಚಾಗಿ, ಕನೇಲಾ ಏನಾದಳು ಎಂದು ಕೇಳಬೇಕಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಬಾಗಿಲು ತೆರೆದಾಗ ಎಲ್ಲ ಮರೆತು ಫೋಟೋಗಳನ್ನು ಮೇಜಿನ ಮೇಲೆ ಹರಡಿದೆ, ಅವರು ಗರಿ ಹರಡಿದ ಹಾಗೆ.

ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಬೆಕ್ಕಿನ ಫೋಟೋ ಯಾಕ್ ತಂದೆ?"

"ಬೆಕ್ಕು ಬಿಡಿ ಭಾವ. ಹಿಂದೆ ನೋಡಿ."

ನೋಡಿದರು. ಬೆರಳು ಒಂದು ಮಸುಕು ಚುಕ್ಕೆಯ ಮೇಲೆ ನಿಂತಿತು. "ಇದು ಬಿಳೀ ರೆಕ್ಕೇದು. ಸತ್ತೋಯ್ತು ಅಂತಿದ್ನಲ್ಲ..."

"ಒಂದೂ ಸತ್ತಿಲ್ಲ. ಎಲ್ಲಾ ಮೇಲ್ಗಡೆ ಹಾಳು ಮನೇಲಿವೆ. ನಾನೇ ಕರ್ಕೊಂಡ್ ಹೋಗ್ಬಿಟ್ಟೆ. ಇದ್ರಿಂದ."

ಡಬ್ಬ ತೆಗೆದೆ. ಒಂದೇ ಒಂದು ಸಲ ತಟ್ಟಿದೆ. ಅವರು ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡರು. ಮುಖ ಸುಣ್ಣದ ಹಾಗಾಯಿತು.

"ಅಂದ್ರೆ... ದಿನಾ ಬೆಳಿಗ್ಗೆ ಬಡೀತಿದ್ದದ್ದು ನೀನಾ?"

"ಕೇಳಿಸ್ತಿತ್ತಾ ನಿಮ್ಗೆ?"

"ಗಾಳಿ ಈ ಕಡೆ ತಿರುಗಿದ್ರೆ ಕೇಳ್ಸೋದು. ಅವಳೇ ಬಡೀತಿದಾಳೆ ಅನ್ಸೋದು. ಎದ್ದು ಹೊರಗ್ ಓಡ್ ಬರ್ತಿದ್ದೆ ಮೊದಮೊದಲು. ಯಾರಿಗೆ ಹೇಳ್ಲಿ ನಿಕೊಲೆಟಾ? ಮುದುಕಂಗೆ ತಲೆ ಕೆಟ್ಟಿದೆ ಅಂತಾರೆ. ಕಿಟಕಿ ಮುಚ್ಕೊಂಡ್ ಕೂತ್ಕೊಂಡೆ."

ಅದಕ್ಕೆ ಆ ಕಿಟಕಿಗಳು. ಅಯ್ಯೋ ದೇವರೇ. ಬೆಕ್ಕು ಕರೆಯುತ್ತೇನೆಂದು ಐದು ತಿಂಗಳು ಈ ಮನುಷ್ಯನ ಎದೆಯ ಮೇಲೆ ಡಬ್ಬ ಬಡಿದಿದ್ದೇನೆ. ಅವರ ಕೈ ಹಿಡಿದುಕೊಂಡೆ. ಮದುವೆಯ ದಿನ ಫೋಟೋಗೆ ನಿಲ್ಲಿಸಿದಾಗ ಮುಟ್ಟಿದ್ದು ಆ ಕೈ, ಆಮೇಲೆ ಇವತ್ತೇ.

ಕೊನೆಗೆ ಕೇಳಿಯೇ ಕೇಳಿದೆ. "ಕನೇಲಾ? ಭಾವ, ಮಾಂಸದ ಉಂಡೆ—"

"ಮಾಡಿದ್ದೆ." ಮುಖ ತಿರುಗಿಸಿದರು. "ಇಡೋಣ ಅಂತ ಪಾರಿವಾಳದ್ ಮನೆ ಕೆಳಗಿನ ಕೋಣೆ ಬಾಗಿಲು ತೆಗೆದ್ರೆ, ಅಂತೋನಿಯಾ ಹಳೇ ಬಾರ್ಲಿ ಬುಟ್ಟೀಲಿ ನಿನ್ ಮಹಾರಾಣಿ ಹಡೆದು ಮಲಗಿದಾಳೆ. ನನ್ನೇ ನೋಡಿ ಗುರ್ ಅಂತಾಳೆ! ನಮ್ಮನೆ ಬುಟ್ಟೀಲಿ ಕೂತ್ಕೊಂಡು! ಉಂಡೆ ಎಲ್ಲಾ ಒಲೇಗ್ ಹಾಕ್ದೆ."

"ಮತ್ತೆ ನಂಗೆ ಹೇಳೋದಲ್ವಾ? ಹುಡುಕಿ ಹುಡುಕಿ ಸತ್ತಿದೀನಿ."

"ಏನಂತ ಹೇಳ್ಲಿ? ಸೋತೆ ಅಂತಾನಾ? ಹಾಲು ಹಾಕ್ತಿದೀನಿ ಹೋಗು. ಮರಿ ಕಣ್ ಬಿಡ್ಲಿ, ಆಮೇಲೆ ವಿಚಾರ ಮಾಡ್ತೀನಿ."

ಡಬ್ಬ ಅವರ ಮೇಜಿನ ಮೇಲಿಟ್ಟೆ. "ಬೆಳಿಗ್ಗೆ ಬಡೀರಿ. ವಾಪಸ್ ಬರ್ತವೆ."

"ನಾನಾ? ನನ್ ಕೈ ಕಂಡ್ರೆ ಹಾರೋಗ್ತವೆ ಅವು. ಅದು ಹೆಂಗಸರ ಕೆಲಸ ಕಣೇ."

"ಹೆಂಗಸು ಹೋದಳಲ್ಲ ಭಾವ. ಇನ್ನು ನೀವೇ."

ಬರುವಾಗ ಕಣಿವೆಗೆ ಇಳಿದು ಆ ಕೋಣೆಗೆ ಇಣುಕಿದೆ. ಕನೇಲಾ ಗುರುತೇ ಇಲ್ಲದವಳ ಹಾಗೆ ನೋಡಿದಳು. ಮರಿಗಳಲ್ಲಿ ಒಂದಕ್ಕೆ ಕತ್ತಿನ ಕೆಳಗೆ ಬಿಳಿ ಪಟ್ಟಿ. ಬಿಷಪ್ಪನ ಗುಟ್ಟು ರಟ್ಟಾಯಿತು.

ಆಗಸ್ಟ್ 13

ಕಣಿವೆಯಿಂದ ಸದ್ದಿಲ್ಲ. ದಿನಾ ಬೆಳಿಗ್ಗೆ ಬಾಣಲೆ ಬಡಿದು, ಕಿವಿಗೊಟ್ಟು ನಿಲ್ಲುತ್ತೇನೆ. ಗಾಳಿ ಮಾತ್ರ. ಹಕ್ಕಿಗಳು ಗೋಡೆ ಮೇಲೆ ಕೂತು ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ತಿರುಗಿಸಿ ನನ್ನನ್ನೇ ನೋಡುತ್ತವೆ. ಅನ್ನ ಮಿಗದ ಹಾಗೆ ಎತ್ತಿಬಿಡುತ್ತೇನೆ. ನೋವಾಗುತ್ತದೆ. ಆದರೆ ನಾನು ಕರೆದರೆ ಅವು ಯಾವತ್ತೂ ಮನೆಗೆ ಹೋಗುವುದಿಲ್ಲ.

ಭಾವ ಬಡಿಯದಿದ್ದರೆ? ಕೈಲಾಗುವುದಿಲ್ಲ ಎಂದು ಡಬ್ಬವನ್ನು ಅಟ್ಟಕ್ಕೆ ಹಾಕಿದರೆ? ವಿತ್ತೋರಿಯಾ ಹೇಳುತ್ತಾಳೆ, "ಗಂಡಸರು ಕಣೇ. ಅಳೋದಕ್ಕೂ ಹಬ್ಬ ಬರ್ಲಿ ಅಂತ ಕಾಯ್ತಾರೆ." ಅವಳ ಅಂಗಡಿ ಬಾಗಿಲು ಇವತ್ತು ನೀಲಿ. ಬಳಿದೇಬಿಟ್ಟಿದ್ದಾಳೆ. ಹಸಿ ಬಣ್ಣಕ್ಕೆ ಬೆನ್ನು ಉಜ್ಜಿ ಒಂದು ಬಿಳಿ ಬೆಕ್ಕು ನೀಲಿಯಾಗಿದೆ.

ಆಗಸ್ಟ್ 15, ಮಾತೆಯ ಹಬ್ಬ, ಬೆಳಿಗ್ಗೆ

ಪೂಜೆಗೆ ಹೊರಟಿದ್ದೆ. ಒಳ್ಳೆಯ ಚಪ್ಪಲಿ ಹಾಕಿಕೊಂಡಿದ್ದೆ. ಗಾಳಿ ನಿಂತಿತ್ತು. ಕಟ್ಟೆಯ ಹತ್ತಿರ ಬರುವಾಗ—

ಟಪ್.

ಆಮೇಲೆ ಏನಿಲ್ಲ. ಬಹಳ ಹೊತ್ತು ಏನಿಲ್ಲ. ಆಮೇಲೆ, ಅಡ್ಡಾದಿಡ್ಡಿ, ತಾಳವಿಲ್ಲದ, ಗಂಡಸಿನ ಕೈಯ, ಟಣ್. ಟಪ್-ಟಪ್-ಟಣ್.

ಗೋಡೆ ಮೇಲಿನ ಹಕ್ಕಿಗಳೆಲ್ಲ ಕತ್ತು ನಿಮಿರಿಸಿದವು. ಒಂದು ಎದ್ದಿತು, ಬಿಳಿ ರೆಕ್ಕೆಯದು. ಅದರ ಹಿಂದೆ ಅಷ್ಟೂ. ಊರಿನ ಮೇಲೆ ಒಂದು ಸುತ್ತು, ಕಣಿವೆಗೆ ಇಳಿದವು. ಅಕ್ಕ ಹೋದ ದಿನ ಬಾರದಿದ್ದ ಸಮಾಧಾನ ಇವತ್ತು ಬಂತು. ಮನೆಗೆ ಓಡಿ ಬಂದು ನಿಂತುಕೊಂಡೇ ಇದನ್ನು ಬರೆಯುತ್ತಿದ್ದೇನೆ, ಕ್ಯಾಮೆರಾ ಬ್ಯಾಟರಿ ತುಂಬುವವರೆಗೆ.

ಒಂದು ಮಾತು ಯೋಚಿಸಿರಲಿಲ್ಲ. ಐದು ತಿಂಗಳು ಆ ಡಬ್ಬದ ಸದ್ದಿಗೆ ಊಟ ಮಾಡಿದವರು ಹಕ್ಕಿಗಳಷ್ಟೇ ಅಲ್ಲ. ಬಿಷಪ್ ಕಿವಿ ನಿಮಿರಿಸಿದ. ನೀಲಿ ಬೆನ್ನಿನವಳೂ. ಈಗ ಕಿಟಕಿಯಿಂದ ಕಾಣುತ್ತಿದೆ, ಕಲ್ಲುಗೋಡೆಯ ಮೇಲೆ ಒಬ್ಬರ ಹಿಂದೆ ಒಬ್ಬರು, ಬಾಲ ಎತ್ತಿಕೊಂಡು, ಊರಿನ ಅಷ್ಟೂ ಬೆಕ್ಕುಗಳು ಕಣಿವೆಗೆ ಇಳಿಯುತ್ತಿವೆ.

ಕೆಳಗಿಂದ ಕೂಗು. "ನಿಕೊಲೆಟಾ! ಬಾರೇ ಬೇಗ! ನನ್ ಸಂಸಾರ ಬಂತು, ಹಿಂದೇನೇ ನಿನ್ ಸಂಸಾರಾನೂ ಬಂತು!"

ಕೋಪವೋ ನಗುವೋ ಇಲ್ಲಿಂದ ತಿಳಿಯುತ್ತಿಲ್ಲ. ಡಬ್ಬದ ಸದ್ದು ಮಾತ್ರ ನಿಂತಿಲ್ಲ. ಬ್ಯಾಟರಿ ಅರ್ಧ ತುಂಬಿದೆ, ಸಾಕು. ಭಾವ, ಹಕ್ಕಿ, ಬೆಕ್ಕು, ಎಲ್ಲ ಒಂದೇ ಫೋಟೋದಲ್ಲಿ. ಈ ಸಲ ಹಿಂದಿನದೂ ಮಸುಕಾಗದ ಹಾಗೆ—